ಮನೆಯ ಯಾವ ಕೋಣೆಗೆ ಯಾವ ಫಿನಿಶ್‌ನ ಪೇಂಟ್ ಹೊಡೆಸಬೇಕು?

ಫಿನಿಶ್ ಎಂದರೆ ಪೇಂಟ್ ಒಣಗಿದ ಮೇಲೆ ಕಾಣುವ ಹೊಳಪು. ಅದು ಹೆಚ್ಚಿದಷ್ಟೂ ಗೋಡೆ ಒರೆಸುವುದು ಸುಲಭ, ಆದರೆ ಗೋಡೆಯ ಉಬ್ಬುತಗ್ಗೂ ಅಷ್ಟೇ ಎದ್ದು ಕಾಣುತ್ತದೆ. ಹಾಗಾಗಿ ಸೀಲಿಂಗ್‌ಗೆ ಮ್ಯಾಟ್ (ಹೊಳಪಿಲ್ಲದ ಪೇಂಟ್) ಬಿಟ್ಟು ಬೇರೇನೂ ಬೇಡ. ಹಾಲ್, ಮಲಗುವ ಕೋಣೆಗೆ ತಿಳಿ ಹೊಳಪಿನ, ಒರೆಸಬಹುದಾದ ಎಮಲ್ಶನ್ (ನೀರು ಬೆರೆಸಿ ಹೊಡೆಯುವ ಗೋಡೆ ಪೇಂಟ್) ಸಾಕು. ಗೋಡೆ ಮೇಲೆ ಗೀಚುವ ಮಕ್ಕಳಿದ್ದರೆ ಅದಕ್ಕಿಂತ ತುಸು ಹೆಚ್ಚು ಹೊಳಪಿನ ಸ್ಯಾಟಿನ್.

ಅಡುಗೆಮನೆಯಲ್ಲಿ ಟೈಲ್ಸ್ ಮುಗಿದ ಮೇಲಿನ ಗೋಡೆಗೆ ಸ್ಯಾಟಿನ್ ಅಥವಾ ಇನ್ನೂ ಹೊಳೆಯುವ ಸೆಮಿ-ಗ್ಲಾಸ್ ಹೊಡೆಸಿ. ಒಗ್ಗರಣೆಯ ಜಿಡ್ಡನ್ನು ಮ್ಯಾಟ್ ಹೀರಿಕೊಳ್ಳುತ್ತದೆ. ಜೋರಾಗಿ ಉಜ್ಜಿದರೆ ಆ ಜಾಗವಷ್ಟೇ ಹೊಳೆದು ಕಲೆಯಂತೆ ಉಳಿಯುತ್ತದೆ. ಬಚ್ಚಲುಮನೆಗೂ ಇದೇ ಫಿನಿಶ್, ಆದರೆ ಬೂಷ್ಟು ತಡೆಯುವ ಪೇಂಟ್ ಆಗಿರಲಿ. ಬಾಗಿಲು, ಕಿಟಕಿ ಗ್ರಿಲ್‌ಗೆ ಎನಾಮಲ್ (ಮರ, ಲೋಹಕ್ಕೆ ಹೊಡೆಯುವ ಗಟ್ಟಿ ಪೇಂಟ್).

ಹೊಳಪಿನ ಪೇಂಟ್ ಎಂದಾದರೆ, ಗೋಡೆ ನುಣುಪಾಗಿಸುವ ಪುಟ್ಟಿ ಕೆಲಸದಲ್ಲಿ ಉಳಿತಾಯ ಮಾಡಬೇಡಿ. ಎರಡು ಕೋಟ್ ಪುಟ್ಟಿ ಹಾಕಿ ಎಮೆರಿ ಪೇಪರ್‌ನಲ್ಲಿ ಉಜ್ಜಿಸಿದ ಮೇಲೆ, ಕತ್ತಲಾದಾಗ ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ತಗ್ಗುಗಳೆಲ್ಲ ನೆರಳಾಗಿ ಕಾಣುತ್ತವೆ. ಪೇಂಟಿಂಗ್ ಶುರುವಾಗುವ ಮುಂಚೆಯೇ ತಿದ್ದಿಸಿ.

ಹೊಸ ಗಾರೆಯನ್ನು ಪೇಂಟ್ ಹೊಡೆಸುವ ಮುಂಚೆ ಕನಿಷ್ಠ 28 ದಿನ ಒಣಗಲು ಬಿಡಬೇಕು. ತೇವ ಇಳಿಯುವ ಗೋಡೆಗಂತೂ ಹೊಳಪಿನ ಪೇಂಟ್ ಖಂಡಿತ ಬೇಡ: ಒಳಗಿನ ನೀರು ಆರಲು ದಾರಿಯಿಲ್ಲದೆ ಪೇಂಟ್ ಗುಳ್ಳೆಯೆದ್ದು ಸಿಪ್ಪೆಯಾಗಿ ಕಿತ್ತುಬರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಡಬ್ಬ ತೆಗೆಸಿ.