ಗಾಳಿಗೆ ಬರುವ ದಾರಿ, ಹೋಗುವ ದಾರಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಕಂಪ್ಯೂಟರ್ ಬಿಸಿಯಾಗುವ ದೂರುಗಳೇ. ಹುಬ್ಬಳ್ಳಿಯ ರಿಪೇರಿ ಬೆಂಚಿನ ಮುಂದೆ ನಾನು 18 ವರ್ಷ ಕೂತಿದ್ದೇನೆ. ಆಗಲೂ ಏಪ್ರಿಲ್ ಬಂತೆಂದರೆ "ತಾನಾಗೇ ಬಂದ್ ಆಗ್ತದ್ರಿ" ಎನ್ನುತ್ತ ಪೆಟ್ಟಿಗೆ ಹೊತ್ತು ಬರುವವರ ಸಾಲು ಶುರುವಾಗುತ್ತಿತ್ತು. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್‌ಗಳ ಗಾಳಿ ವಿಚಾರವನ್ನಷ್ಟೇ ಎತ್ತಿಕೊಂಡಿದ್ದೇನೆ.

ಅಕ್ಕಾ, ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ರೈಜೆನ್ 5 5600ಎಕ್ಸ್ ಪ್ರೊಸೆಸರ್, ಡಬ್ಬದಲ್ಲಿ ಬಂದ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿ ನಾನೇ ಜೋಡಿಸಿದ್ದೇನೆ. ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು, ಒಳಗೆ ಬಣ್ಣದ ದೀಪದ ಮೂರು ಫ್ಯಾನ್, ಹಿಂದೆ ಒಂದು. ಮಧ್ಯಾಹ್ನ ರೆಂಡರ್‌ಗೆ (ಎಡಿಟ್ ಆದದ್ದನ್ನು ಕೊನೆಯ ವಿಡಿಯೊ ಫೈಲ್ ಮಾಡಲು) ಹಾಕಿದರೆ ಪ್ರೊಸೆಸರ್ 94 ಡಿಗ್ರಿ ಮುಟ್ಟಿ ಕೆಲಸ ನಿಧಾನವಾಗುತ್ತದೆ. ಅಂಗಡಿಯವರು ನೀರಿನ ಕೂಲರ್ ಹಾಕಿಸು ಅನ್ನುತ್ತಾರೆ. ಹಾಕಿಸಲೇ?
— ಓದುಗ, ರಾಯಚೂರು

ತಮ್ಮಾ, ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ಸ್ಕ್ರೂಡ್ರೈವರ್ ತಗೊಂಡು ಮೊದಲು ಒಂದು ಪರೀಕ್ಷೆ ಮಾಡು. ಯಾವಾಗಲೂ ಮಾಡುವ ರೆಂಡರನ್ನೇ ಅರ್ಧ ಗಂಟೆ ಓಡಿಸಿ, ಎಚ್‌ಡಬ್ಲ್ಯೂಇನ್ಫೊದಂಥ ತಂತ್ರಾಂಶದಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಎರಡರ ಉಷ್ಣತೆಯನ್ನೂ ಬರೆದುಕೋ. ಕೋಣೆಯ ಉಷ್ಣತೆಯೂ ಬೇಕು, ಡಿಜಿಟಲ್ ಗೋಡೆ ಗಡಿಯಾರದಲ್ಲಿ ತೋರಿಸುತ್ತದಲ್ಲ, ಅಷ್ಟು ಸಾಕು. ಆಮೇಲೆ ಪಕ್ಕದ ಬಾಗಿಲು ಕಳಚಿಟ್ಟು ಅದೇ ರೆಂಡರನ್ನು ಮತ್ತೆ ಅರ್ಧ ಗಂಟೆ ಓಡಿಸು. ಐದಾರು ಡಿಗ್ರಿ, ಇನ್ನೂ ಹೆಚ್ಚು ಇಳಿದರೆ ತಪ್ಪು ಕ್ಯಾಬಿನೆಟ್‌ನದು, ಒಳಗೆ ಗಾಳಿ ಆಡುತ್ತಿಲ್ಲ. ಒಂದೆರಡು ಡಿಗ್ರಿಯೂ ಕದಲದಿದ್ದರೆ ಕ್ಯಾಬಿನೆಟ್ ಸರಿಯಿದೆ, ಕೂಲರೋ, ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟೋ ಸೋತಿದೆ. ಪೇಸ್ಟ್ ಬದಲಿಸಿ ಬದಲಿಸಿ ಸೋತು ನನ್ನ ಬೆಂಚಿಗೆ ಬಂದವರಲ್ಲಿ ಈ ಒಂದು ಗಂಟೆಯ ಕೆಲಸ ಮಾಡಿ ಬಂದವರು ತೀರಾ ಕಡಿಮೆ.

ನಿನ್ನದರಲ್ಲಿ ನನ್ನ ಅನುಮಾನ ಆ ಗಾಜಿನ ಮೇಲೆ. ಫ್ಯಾನ್ ಗಾಳಿಯನ್ನು ಹುಟ್ಟಿಸುವುದಿಲ್ಲ, ಹೊರಗಿನದನ್ನು ಎಳೆದು ತರುತ್ತದೆ. ಮುಂದೆ ಗಾಜು ಅಂಟಿ ನಿಂತು, ಪಕ್ಕದಲ್ಲಿ ಬೆರಳು ತೂರದಷ್ಟು ಸಂದಿ ಬಿಟ್ಟರೆ ಎಳೆಯುವುದು ಎಲ್ಲಿಂದ? ಮೂರರ ಜಾಗದಲ್ಲಿ ಆರು ಫ್ಯಾನ್ ಕೂರಿಸಿದರೂ ಅಷ್ಟೇ.

ಸ್ವಲ್ಪ ಲೆಕ್ಕ ಹಾಕೋಣ. ನಿನ್ನ ಪ್ರೊಸೆಸರ್ ಜೋರಾಗಿ ದುಡಿದಾಗ ಸುಮಾರು 75 ವ್ಯಾಟ್, ಕಾರ್ಡ್ 170 ವ್ಯಾಟ್. ಮದರ್‌ಬೋರ್ಡ್, ಡಿಸ್ಕು, ಎಸ್‌ಎಂಪಿಎಸ್ಸಿನ (ಒಳಗೆಲ್ಲ ಕರೆಂಟು ಹಂಚುವ ಡಬ್ಬ) ಸೋರಿಕೆ ಎಲ್ಲ ಸೇರಿ 300 ವ್ಯಾಟ್ ಅಂತ ಇಟ್ಟುಕೋ. ಅಂದರೆ 60 ವ್ಯಾಟಿನ ಹಳೇ ಬಲ್ಬು ಐದು, ಒಂದು ಪೆಟ್ಟಿಗೆಯೊಳಗೆ ಉರಿಯುತ್ತಿವೆ. ಈ ಪೆಟ್ಟಿಗೆಯ ಮೂಲಕ ನಿಮಿಷಕ್ಕೆ 50 ಘನ ಅಡಿ ಗಾಳಿ ನಿಜವಾಗಿ ಹಾದುಹೋದರೆ, ಹೊರಬರುವ ಗಾಳಿ ಒಳಹೋದದ್ದಕ್ಕಿಂತ 10–11 ಡಿಗ್ರಿ ಬಿಸಿ ಇರುತ್ತದೆ. 25 ಘನ ಅಡಿಯಷ್ಟೇ ಹಾದರೆ ಆ ವ್ಯತ್ಯಾಸ 21 ಡಿಗ್ರಿ. ರಾಯಚೂರಿನ ಮೇ ತಿಂಗಳಲ್ಲಿ ನಿನ್ನ ಕೋಣೆಯೇ 40 ಡಿಗ್ರಿ ಇದ್ದರೆ ಕ್ಯಾಬಿನೆಟ್‌ನೊಳಗಿನ ಗಾಳಿ 60ರ ಹತ್ತಿರ ಹೋಗಬಹುದು. ಪಾಪ, ಕೂಲರ್ ಆ ಗಾಳಿಯಲ್ಲೇ ಪ್ರೊಸೆಸರನ್ನು ತಣಿಸಬೇಕು! ಆ ಪ್ರೊಸೆಸರಿನ ಮಿತಿ 95 ಡಿಗ್ರಿ. ಅದು ಹತ್ತಿರವಾದ ಕೂಡಲೇ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ನೀನು ನೋಡುತ್ತಿರುವ ನಿಧಾನ ಅದೇ.

ಇನ್ನು ನೀರಿನ ಕೂಲರ್. ನೀರು ಬಿಸಿಯನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಸಾಗಿಸುತ್ತದೆ, ಅಲ್ಲಿಂದ ಮುಂದೆ ಹೊತ್ತೊಯ್ಯುವುದು ಮತ್ತೆ ಗಾಳಿಯೇ. ರೇಡಿಯೇಟರನ್ನು ಮೇಲೆ ಕೂರಿಸಿದರೆ ಕ್ಯಾಬಿನೆಟ್‌ನೊಳಗಿನ ಆ 60 ಡಿಗ್ರಿಯ ಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. ಮುಂದೆ ಕೂರಿಸಿದರೆ ಗಾಜಿನ ಹಿಂದೆ ಉಸಿರುಗಟ್ಟುತ್ತದೆ, ಜೊತೆಗೆ ತನ್ನ ಬಿಸಿಯನ್ನೂ ಒಳಕ್ಕೇ ಊದುತ್ತದೆ. ನಿನ್ನ ಪೆಟ್ಟಿಗೆಯಲ್ಲಿ ಹೆಚ್ಚು ಬಿಸಿ ಕಾರುವುದು ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಇದರಿಂದ ಏನೂ ಸಿಗುವುದಿಲ್ಲ. ಅಂಗಡಿಯವರು ಹೇಳಿದ ಮದ್ದು ಈ ರೋಗದ್ದಲ್ಲ ಅಂತ ಖಚಿತವಾಗಿ ಹೇಳುತ್ತೇನೆ.

ಮುಂದಿನ ಗಾಜನ್ನು ಪೂರ್ತಿ ಕಳಚಿ ಒಂದು ವಾರ ಕೆಲಸ ಮಾಡಿ ನೋಡು. ಉಷ್ಣತೆ ಇಳಿದರೆ ಗಾಜಿನ ಜಾಗಕ್ಕೆ ತೂತಿರುವ ಕಬ್ಬಿಣದ ಜಾಲರಿ ಹಾಕಿಸಿಕೋ, ಗ್ರಿಲ್ ಕೆಲಸದವರು ಅಳತೆಗೆ ಕತ್ತರಿಸಿ ಕೊಡುತ್ತಾರೆ. ಅದರ ಒಳಮೈಗೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಒಂದೇ ಪದರ ಅಂಟಿಸಿದರೆ ದೂಳಿನ ಶೋಧಕವೂ ಆಯಿತು. ಬಟ್ಟೆ ಮಾತ್ರ ಹಾಕಬೇಡ, ಎಷ್ಟೇ ತೆಳುವಾಗಿದ್ದರೂ ಗಾಳಿ ಕಟ್ಟುತ್ತದೆ. ಗಾಜಿನ ಅಂದ ಬಿಡಲು ಮನಸ್ಸಿಲ್ಲವೆಂದರೆ ನಾಲ್ಕು ಮೂಲೆಗೆ ಬೂಚು ಕೊಟ್ಟು ಅದನ್ನು ಎರಡು ಸೆಂಟಿಮೀಟರ್ ಮುಂದಕ್ಕೆ ತಾ. ಜಾಲರಿಯಷ್ಟು ಫಲ ಸಿಗುವುದಿಲ್ಲ, ಈಗಿನದಕ್ಕಿಂತ ಎಷ್ಟೋ ಮೇಲು.

ಇಷ್ಟಾದ ಮೇಲೂ ಪ್ರೊಸೆಸರ್ ಒಂದೇ ಬಿಸಿಯಾಗುತ್ತಿದ್ದರೆ ಆಗ ಕೂಲರ್ ಬದಲಿಸು. ಡಬ್ಬದಲ್ಲಿ ಬಂದದ್ದು ಗಿಡ್ಡ ಅಲ್ಯೂಮಿನಿಯಂ ತುಂಡು, ರಾಯಚೂರಿನ ಬೇಸಿಗೆಗೆ ಸಾಲದು. ತಾಮ್ರದ ನಾಲ್ಕು ಕೊಳವೆ, 120 ಮಿಲಿಮೀಟರ್ ಫ್ಯಾನ್ ಇರುವ ಗೋಪುರದಂಥ ಗಾಳಿ ಕೂಲರ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅಂಥವು 15–16 ಸೆಂಟಿಮೀಟರ್ ಎತ್ತರ ಇರುತ್ತವೆ, ಕ್ಯಾಬಿನೆಟ್‌ನ ಅಗಲ ಅಳೆದೇ ಕೊಳ್ಳು. ಅದರ ಫ್ಯಾನ್ ಹಿಂಭಾಗದ ಫ್ಯಾನಿನ ಕಡೆಗೇ ಊದಬೇಕು. ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಯಾವ ಫ್ಯಾನಿಗೂ ಆಗುವುದಿಲ್ಲ, ಆದ್ದರಿಂದ ದೊಡ್ಡ ರೆಂಡರುಗಳನ್ನು ರಾತ್ರಿಗೆ ಹಾಕು. ಹಗಲಲ್ಲೇ ಮುಗಿಸಬೇಕಾದಾಗ ರೈಜೆನ್ ಮಾಸ್ಟರ್ ಎಂಬ ತಂತ್ರಾಂಶದಲ್ಲಿ ಕಡಿಮೆ ಕರೆಂಟಿನ ಎಕೋ ಮೋಡ್ ಆರಿಸಿಕೋ. ವೇಗ ತುಸು ತಗ್ಗುತ್ತದೆ, ಬಿಸಿ ಅದಕ್ಕಿಂತ ಬಹಳ ಹೆಚ್ಚು ತಗ್ಗುತ್ತದೆ.

ಮೇಡಂ, ನಾನು ನಿವೃತ್ತ ಶಿಕ್ಷಕ. ಪರದೇಶದಲ್ಲಿರುವ ಮಗ ರಜೆಗೆ ಬಂದಾಗ ನನಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟು ಹೋದ. ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಖಾನೆಯಲ್ಲಿ ಇಟ್ಟಿದ್ದೇನೆ. ಅರ್ಧ ಗಂಟೆಯಾದರೆ ಮಿಕ್ಸಿಯಂತೆ ಸದ್ದು. ಮೇಲಿನ ಫ್ಯಾನ್ ಗಾಳಿಯನ್ನು ಒಳಗೆ ಎಳೆಯಬೇಕೋ ಹೊರಗೆ ಬಿಡಬೇಕೋ ತಿಳಿಯದು.
— ಓದುಗ, ಶಿರಸಿ

ಸರ್, ನಮಸ್ಕಾರ. ಆ ಖಾನೆಯ ಬಾಗಿಲನ್ನು ಇವತ್ತೇ ಬಿಚ್ಚಿಸಿಬಿಡಿ. ಹಿಂದಿನ ಪ್ಲೈವುಡ್‌ನಲ್ಲಿ ತಂತಿ ಹೋಗಲು ಮಾಡಿದ ರೂಪಾಯಿಯಗಲದ ತೂತು ಬಿಟ್ಟರೆ ಬೇರೇನೂ ಇರಲಿಕ್ಕಿಲ್ಲ. ಕಂಪ್ಯೂಟರ್ ಹೊರಗೆ ಬಿಟ್ಟ ಬಿಸಿ ಗಾಳಿ ಅದೇ ಖಾನೆಯಲ್ಲಿ ಸುತ್ತಿ, ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಸುತ್ತು ಹೆಚ್ಚಿದಂತೆ ಬಿಸಿ ಏರುತ್ತದೆ, ಫ್ಯಾನುಗಳು ಓಟ ಹೆಚ್ಚಿಸುತ್ತವೆ. ಆ ಮಿಕ್ಸಿ ಸದ್ದು ಅದರದ್ದೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆಯಲ್ಲೂ ಬಡಗಿಯಿಂದ ಸಾಗವಾನಿಯ ಚೆಂದದ ಖಾನೆ ಮಾಡಿಸಿದ್ದೆವು, ನಾಲ್ಕೂ ಕಡೆ ಮುಚ್ಚಿದ್ದು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರೊಳಗಿದ್ದ ಹಾರ್ಡ್ ಡಿಸ್ಕ್ ಸತ್ತುಹೋಯಿತು. ಕೈಯಿಟ್ಟರೆ ಸುಡುತ್ತಿತ್ತು. ಅಪ್ಪನ ಕೊನೆಯ ವರ್ಷದ ಫೋಟೊಗಳು ಅದರಲ್ಲೇ ಇದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ. ದಿನಾ ಬೇರೆಯವರ ಕಂಪ್ಯೂಟರ್ ಬಿಚ್ಚಿ ಗಾಳಿ ಆಡಿಸುತ್ತಿದ್ದ ನಾನು ಮನೆಯದರ ಕಡೆ ನೋಡಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಟೇಬಲ್ಲಿನ ಕೆಳಗೆ ಬಗ್ಗಿ ನೋಡುತ್ತೇನೆ.

ಬಾಗಿಲು ಬಿಚ್ಚಿದ ಮೇಲೆ ಹಿಂದಿನ ಪ್ಲೈವುಡ್ಡನ್ನೂ ಕಂಪ್ಯೂಟರಿನ ಬೆನ್ನಿನಷ್ಟಗಲ ಕೊಯ್ಯಿಸಿ, ಗೋಡೆಯಿಂದ ಟೇಬಲ್ಲನ್ನು ಒಂದು ಗೇಣು ಮುಂದೆ ತನ್ನಿ. ಖಾನೆ ಬಿಟ್ಟು ಟೇಬಲ್ಲಿನ ಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಇಟ್ಟರಂತೂ ಇನ್ನೂ ಒಳ್ಳೆಯದು. ನೆಲದ ಮೇಲೆ ಬೇಡ, ಕಸ ಗುಡಿಸಿದಾಗ ಏಳುವ ದೂಳೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ.

ಇನ್ನು ಫ್ಯಾನಿನ ದಿಕ್ಕು. ಫ್ಯಾನಿನ ಎರಡು ಮುಖ ನೋಡಿ. ಒಂದು ಕಡೆ ರೆಕ್ಕೆಗಳು ಬರಿಯಾಗಿ ಕಾಣುತ್ತವೆ, ಇನ್ನೊಂದು ಕಡೆ ನಡುವಿನ ಮೋಟಾರನ್ನು ಹಿಡಿದ ಕಾಲುಗಳಿರುತ್ತವೆ. ಗಾಳಿ ಬರಿ ರೆಕ್ಕೆಯ ಕಡೆಯಿಂದ ಹೊಕ್ಕು ಕಾಲುಗಳ ಕಡೆಯಿಂದ ಹೊರಡುತ್ತದೆ. ಕೆಲವು ಫ್ಯಾನುಗಳ ಅಂಚಿನ ಮೇಲೆ ಸಣ್ಣ ಬಾಣದ ಗುರುತೂ ಇರುತ್ತದೆ. ಕಣ್ಣು ಹಾಯದಿದ್ದರೆ ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿ ತನ್ನಿ. ಕ್ಯಾಬಿನೆಟ್‌ನ ಹೊರಗೆ, ಕಿಂಡಿಯಿಂದ ಎರಡು ಬೆರಳು ದೂರ ಹಿಡಿದರೆ ಹೊಗೆಯೇ ದಾರಿ ತೋರಿಸುತ್ತದೆ. ಮುಂದೆ ಹಿಡಿದಾಗ ಹೊಗೆ ಒಳಗೆ ಹೋಗಬೇಕು, ಹಿಂದೆ ಮತ್ತು ಮೇಲೆ ಹಿಡಿದಾಗ ಹೊರಕ್ಕೆ ಚದುರಬೇಕು. ಮೇಲಿನದು ಒಳಗೆ ಎಳೆಯುತ್ತಿದ್ದರೆ ಸ್ಕ್ರೂ ಬಿಚ್ಚಿ ತಿರುಗಿಸಿ ಕೂರಿಸಬೇಕು. ಬಿಸಿ ಗಾಳಿ ಮೇಲೇರುವುದು ನಿಜ, ನೀವೇ ತರಗತಿಯಲ್ಲಿ ಹೇಳಿಕೊಟ್ಟಿರಬಹುದು. ಆದರೆ ಈ ಪುಟ್ಟ ಪೆಟ್ಟಿಗೆಯಲ್ಲಿ ಆ ಏರುವ ಬಲ ತೀರಾ ಅಲ್ಪ, ಫ್ಯಾನ್ ತಳ್ಳಿದತ್ತಲೇ ಗಾಳಿ ಹೋಗುತ್ತದೆ. ಮೇಲಿನ ಫ್ಯಾನನ್ನು ಹೊರಮುಖ ಮಾಡಿ ಎನ್ನಲು ಕಾರಣ ಬೇರೆ: ಮುಂದಿನಿಂದ ಬಂದ ಗಾಳಿಗೆ ಅದು ಎದುರಾಗಬಾರದು.

ಸದ್ದಿಗೆ ಇನ್ನೊಂದು ಉಪಾಯ ಬಯಾಸ್‌ನಲ್ಲಿದೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ. ಪ್ರೊಸೆಸರ್ ಎಷ್ಟು ಡಿಗ್ರಿಯಾದಾಗ ಫ್ಯಾನ್ ಎಷ್ಟು ಓಡಬೇಕು ಎಂಬ ಗೆರೆಯನ್ನು ಅಲ್ಲಿ ಎಳೆಯಬಹುದು. 60 ಡಿಗ್ರಿವರೆಗೆ ಅರ್ಧಕ್ಕಿಂತ ಕಡಿಮೆ ಓಟ ಸಾಕು. ಓಟ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅದು ಕಿವಿಗೆ ದೊಡ್ಡ ನೆಮ್ಮದಿ. ಮಗ ವಿಡಿಯೊ ಕಾಲಿನಲ್ಲಿ ಸಿಕ್ಕಾಗ ಮೊಬೈಲನ್ನು ಪರದೆಯ ಮುಂದೆ ಹಿಡಿದು ಅವರಿಂದಲೇ ಹೇಳಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಮಳೆಗಾಲದಲ್ಲಿ ಫ್ಯಾನುಗಳು ತೇವದ ಗಾಳಿಯನ್ನೇ ಒಳಗೆ ಎಳೆಯುತ್ತವಲ್ಲ? ಆಗ ಕಂಪ್ಯೂಟರನ್ನು ಮುಚ್ಚಿಡುವುದು ಒಳ್ಳೆಯದೇ?
— ಓದುಗರು, ಮಂಗಳೂರು

ನಡೆಯುತ್ತಿರುವ ಕಂಪ್ಯೂಟರಿಗೆ ತೇವದ ಭಯವಿಲ್ಲ. ಸುತ್ತಲಿನ ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ಮಾತ್ರ ನೀರು ಕೂರುತ್ತದೆ, ಇದು ಬೆಚ್ಚಗಿರುತ್ತದೆ. ಕೆಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿ ಸುಮ್ಮನೆ ಕೂತದ್ದು. ದಿನಕ್ಕೊಂದು ಗಂಟೆಯಾದರೂ ಓಡಿಸಿ. ಎಸಿ ಕೋಣೆಯಲ್ಲಿ ತಣ್ಣಗೆ ಕೂತ ಕಂಪ್ಯೂಟರಿದ್ದರೆ ಎಸಿ ಆರಿಸಿದ ತಕ್ಷಣ ಕಿಟಕಿ ತೆರೆಯಬೇಡಿ. ಹೊದಿಕೆ ಹಾಕುವುದಾದರೆ ಹತ್ತಿಯದ್ದು ಹಾಕಿ, ಪ್ಲಾಸ್ಟಿಕ್ ಬೇಡ.

ನಮ್ಮದು ಕೆಂಪು ದೂಳಿನ ಊರು. ತಿಂಗಳಿಗೊಮ್ಮೆ ಬಿಚ್ಚಿದರೂ ಹೀಟ್‌ಸಿಂಕ್ (ಕೂಲರಿನ ಲೋಹದ ಪಟ್ಟಿಗಳು) ತುಂಬ ಮಣ್ಣು. ಕಳೆದ ವಾರ ಒಳಗೊಂದು ಹಲ್ಲಿ ಸತ್ತಿತ್ತು. ಏನು ಮಾಡಲಿ ಅಕ್ಕಾ?
— ಓದುಗಿ, ಸಂಡೂರು

ತಂಗೀ, ಒಳಗೆ ತಳ್ಳುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿರುವಂತೆ ಮಾಡಿಕೋ. ಮುಂದೆ ಜಾಲರಿಯ ಹಿಂದೆ ಎರಡು ಫ್ಯಾನ್ ಒಳಮುಖ, ಹಿಂದೆ ಒಂದು ಹೊರಮುಖ. ಆಗ ಸಂದಿಗೊಂದಿಗಳಿಂದ ಗಾಳಿ ಹೊರಕ್ಕೇ ನುಸುಳುತ್ತದೆ, ದೂಳು ಬರುವ ದಾರಿ ಜಾಲರಿಯೊಂದೇ ಆಗುತ್ತದೆ. ಕ್ಯಾಬಿನೆಟ್ ಬಿಚ್ಚುವ ಬದಲು ವಾರಕ್ಕೊಮ್ಮೆ ಆ ಜಾಲರಿ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಸಾಕು. ಹಲ್ಲಿ ಹೊಕ್ಕದ್ದು ಬಹುಶಃ ಹಿಂದಿನ ಖಾಲಿ ಸ್ಲಾಟಿನಿಂದ. ಕಾರ್ಡ್ ಹಾಕುವಾಗ ತೆಗೆದ ತಗಡಿನ ಪಟ್ಟಿಗಳನ್ನು ಹುಡುಕಿ ವಾಪಸ್ ಹಾಕು, ಸಿಗದಿದ್ದರೆ ಅಲ್ಲಿಗೂ ಜಾಲರಿ ಕಟ್ಟು. ಹಲ್ಲಿ ಎರಡು ಪಿನ್ನುಗಳ ನಡುವೆ ಸಿಕ್ಕು ಬೋರ್ಡೇ ಸುಟ್ಟದ್ದನ್ನು ನಾನು ನೋಡಿದ್ದೇನೆ.

ಬ್ಲೋವರ್ ಹಿಡಿಯುವಾಗ ಪ್ಲಗ್ ಕಿತ್ತು, ಕಂಪ್ಯೂಟರನ್ನು ಅಂಗಳಕ್ಕೆ ಒಯ್ದು, ಪ್ರತಿ ಫ್ಯಾನಿನ ರೆಕ್ಕೆಯನ್ನೂ ಬೆರಳಿನಿಂದ ಹಿಡಿದೇ ಊದು. ಬ್ಲೋವರಿನ ರಭಸಕ್ಕೆ ಬಿಟ್ಟರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್ಸನ್ನು ಹೊರಗಿನಿಂದಷ್ಟೇ ಊದಬೇಕು, ಎಂದಿಗೂ ಬಿಚ್ಚಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300ಕ್ಕೂ ಮಿಕ್ಕಿದ ವೋಲ್ಟ್ ಉಳಿದಿರಬಹುದು.

ಪೇಸ್ಟನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕೆ?
— ಓದುಗರು, ದಾವಣಗೆರೆ

ಬೇಕಿಲ್ಲ. ಮೊದಲು ಬರುತ್ತಿದ್ದ ಉಷ್ಣತೆಯೇ ಈಗಲೂ ಬರುತ್ತಿದ್ದರೆ ಮುಟ್ಟಬೇಡಿ. ಕೂಲರ್ ಕಳಚಿದಾಗ ಮಾತ್ರ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪ್ರೊಸೆಸರಿನ ಮೇಲ್ಮೈಯ ನಡುವೆ ಬಟಾಣಿ ಕಾಳಿನಷ್ಟು ಹೊಸದು ಇಟ್ಟು ಕೂಲರನ್ನು ಒತ್ತಿ ಕೂರಿಸಿ. ಹೊಸ ಕೂಲರಾದರೆ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿಕೊಳ್ಳಿ. ಅದನ್ನು ಹಾಗೇ ಬಿಟ್ಟು ಕೂರಿಸಿದ ಎಷ್ಟೋ ಕಂಪ್ಯೂಟರು ನನ್ನ ಬೆಂಚಿಗೆ ಬಂದಿವೆ.

ರೈಜೆನ್ 5000 ಸರಣಿಯವರು, ಮೊದಲ ಪತ್ರದ ರಾಯಚೂರಿನ ತಮ್ಮನೂ ಸೇರಿ, ಒಂದು ಎಚ್ಚರ ಇಟ್ಟುಕೊಳ್ಳಿ. ಈ ಪ್ರೊಸೆಸರಿನ ಪಿನ್ನುಗಳು ಅದರ ತಳದಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿಕೊಂಡಿದ್ದರೆ ಕೂಲರ್ ಎತ್ತುವಾಗ ಸಾಕೆಟ್ಟಿನಿಂದ ಪ್ರೊಸೆಸರೂ ಕಿತ್ತು ಬಂದು ಪಿನ್ನು ಬಾಗುತ್ತವೆ. ಕಳಚುವ ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕೀಳಿ. ಪೇಸ್ಟ್ ಮೆತ್ತಗಿರುವಾಗಲೇ ಕೂಲರಿನ ಕೊಂಡಿ, ಸ್ಕ್ರೂ ಬಿಡಿಸಿ, ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುವಿ, ಸಡಿಲವಾಯಿತು ಅನ್ನಿಸಿದ ಮೇಲೆ ಎತ್ತಿ.