ಈ ಸಲ ರಜೆ ಮುಗಿಯುವುದಿಲ್ಲ

ಪ್ರಶ್ನೆ: ನಮ್ಮ ಯಜಮಾನರು 17 ವರ್ಷ ಸೇನೆಯಲ್ಲಿದ್ದು ಐದು ತಿಂಗಳ ಹಿಂದೆ ನಿವೃತ್ತರಾಗಿ ಬಂದರು. ಎಷ್ಟು ಕಾದಿದ್ದೆವು! ಈಗ ನೋಡಿದರೆ ದಿನಾ ಕಿರಿಕಿರಿ. ಮಗಳು ಏನೇ ಕೇಳುವುದಿದ್ದರೂ ನನ್ನ ಹತ್ತಿರವೇ ಬರುತ್ತಾಳೆ, ಅದಕ್ಕೆ ಅವರಿಗೆ ಕೋಪ. ಕಪಾಟು, ಬೀಗದ ಕೈ, ಮಲಗುವ ಹೊತ್ತು, ಎಲ್ಲಕ್ಕೂ ಆರ್ಡರ್. ರಾತ್ರಿ ಎರಡು ಸಲ ಎದ್ದು ಬಾಗಿಲು ನೋಡಿ ಬರುತ್ತಾರೆ. ಕೇಳಿದರೆ ‘ನಿಮಗೆ ಅರ್ಥ ಆಗಲ್ಲ’ ಎನ್ನುತ್ತಾರೆ. ಇದು ಕಾಯಿಲೆಯಾ? ನಾನೇ ಎಲ್ಲಾದರೂ ತಪ್ಪಿದೆನಾ?

ಉತ್ತರ: ನೀವು ತಪ್ಪಿಲ್ಲ. ಇಷ್ಟು ಓದಿ ಕಾಯಿಲೆ ಎಂದು ಹೆಸರಿಡಲೂ ಆಗದು. (ಪತ್ರ ಓದಿಯೇ ರೋಗ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.) ನನಗೆ ಮುಖ್ಯ ಅನಿಸಿದ್ದು ಬಾಗಿಲಿಗಿಂತ ಮಗಳ ವಿಷಯ.

ಇಷ್ಟು ವರ್ಷ ಅವರು ರಜೆಗೆ ಬಂದಾಗ ಮನೆ ತನ್ನ ಪಾಡನ್ನು ಪಕ್ಕಕ್ಕಿಟ್ಟು ಅವರ ಸುತ್ತ ತಿರುಗುತ್ತಿತ್ತು, ಅಲ್ವಾ? ಹೊರಟ ಮೇಲೆ ಮತ್ತೆ ನಿಮ್ಮ ಲೆಕ್ಕದಲ್ಲೇ ನಡೆಯುತ್ತಿತ್ತು. ಈ ಎರಡನೆಯ ಮನೆಯನ್ನು ಅವರು ನೋಡಿಯೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಜ್ 1945ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಹೊಸ ಊರಿಗೆ ಹೋಗುವವನಿಗೆ ತನಗೆ ಏನೂ ಗೊತ್ತಿಲ್ಲ ಎಂಬುದು ಗೊತ್ತಿರುತ್ತದೆ. ಮನೆಗೆ ಮರಳುವವನು ಎಲ್ಲಾ ಗೊತ್ತು ಎಂದುಕೊಂಡೇ ಬರುತ್ತಾನೆ. ಅದಕ್ಕೇ ಅವನಿಗೆ ಜಾಸ್ತಿ ಕಷ್ಟ.

ಹಾಗಂತ ಎಲ್ಲವನ್ನೂ ಒಂದೇ ದಿನ ಅವರ ಕೈಗೆ ಕೊಡಬೇಡಿ. ಒಂಟಿಯಾಗಿ ಮನೆ ನಡೆಸಿದವರಿಗೆ ‘ನಾನು ಬಂದೆನಲ್ಲ, ಇನ್ನು ಬಿಡು’ ಅಂದರೆ ಸಿಟ್ಟು ಬರುತ್ತದೆ. ಬರಲಿ, ಅದನ್ನು ಅವರಿಗೆ ಹೇಳಿ. ಒಂದು ಕೆಲಸವನ್ನು ಮಾತ್ರ ಪೂರ್ತಿ ಬಿಟ್ಟುಕೊಡಿ, ನಿರ್ಧಾರದ ಸಮೇತ. ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು ಒಳ್ಳೆಯದು. ಎದುರು ಬದುರು ಕೂತು ಮಾತಾಡಲಾಗದ ಅಪ್ಪ, ಮಗಳು ದಾರಿಯಲ್ಲಿ ಏನೋ ಒಂದು ಮಾತಾಡುತ್ತಾರೆ. ಐದು ನಿಮಿಷ ತಡವಾದರೆ ಸುಮ್ನೆ ಇದ್ದುಬಿಡಿ. ‘ಅಪ್ಪನ ಹತ್ತಿರ ಹೋಗು’ ಎಂದು ಅವಳನ್ನು ತಳ್ಳಲೂ ಬೇಡಿ.

‘ನಿಮಗೆ ಅರ್ಥ ಆಗಲ್ಲ’ ಎಂಬ ಮಾತು ನೋಯಿಸುತ್ತದೆ, ಆದರೆ ಅದರಲ್ಲಿ ನಿಜವೂ ಇದೆ. ಅಲ್ಲಿ ಜೊತೆಗಾರರನ್ನು ಹುಡುಕಬೇಕಿರಲಿಲ್ಲ, ಪಕ್ಕದ ಮಂಚದಲ್ಲೇ ಇದ್ದರು. ಏಳುವ ಹೊತ್ತು, ಹಾಕುವ ಬಟ್ಟೆ, ಕರೆಯುವ ಹೆಸರು ಎಲ್ಲವೂ ಗೊತ್ತಿತ್ತು. ಇಲ್ಲಿ ಅವರ ಹುದ್ದೆ ಯಾರಿಗೂ ಬೇಡ. ಹಳೆಯ ಯೂನಿಟ್‌ನ ಗೆಳೆಯರನ್ನು ಆಗಾಗ ಭೇಟಿಯಾಗಲಿ. ಅವರ ಹತ್ತಿರ ಬಾಯಿ ಬಿಟ್ಟು ನಿಮ್ಮ ಹತ್ತಿರ ಬಿಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಬಾಗಿಲು. ಅಲ್ಲಿ ಜೀವ ಉಳಿಸಿದ ಅಭ್ಯಾಸ ಅದು, ನಿವೃತ್ತಿ ಪತ್ರ ಬಂತೆಂದು ನಿಲ್ಲುವುದಿಲ್ಲ. ಆದರೆ ಕೆಟ್ಟ ಕನಸು, ಸದ್ದಿಗೆ ಬೆಚ್ಚುವುದು, ಹಳೆಯ ಘಟನೆ ಕಣ್ಣೆದುರೇ ನಡೆದಂತಾಗುವುದು, ಅದನ್ನು ನೆನಪಿಸುವ ಜಾಗ, ಜನರಿಂದ ದೂರ ಇರುವುದು ಇವೆಲ್ಲ ಸೇರಿ ಒಂದು ತಿಂಗಳಿಗಿಂತ ಜಾಸ್ತಿ ಇದ್ದರೆ ಮನೋವೈದ್ಯರಿಗೆ ತೋರಿಸಿ. ಅದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಇರಬಹುದು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ ಹೆಸರು ಇದು. ಅದಕ್ಕೂ ಮೊದಲು ಎಷ್ಟೋ ಸೈನಿಕರಿಗೆ ಹೇಡಿ ಎಂಬ ಪಟ್ಟವೇ ಸಿಕ್ಕಿತ್ತು. ಚಿಕಿತ್ಸೆ ಇದೆ. ಆ ನೆನಪನ್ನು ತಜ್ಞರ ಜೊತೆ ಕೂತು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಒಂದು ವಿಧಾನಕ್ಕೆ ಸಾಮಾನ್ಯವಾಗಿ 8ರಿಂದ 15 ಭೇಟಿ ಸಾಕು. ಕುಡಿತ ಹೆಚ್ಚಾದರೂ ತಡ ಮಾಡಬೇಡಿ. ಕೈ ಎತ್ತಿದರೆ, ಸಾಯುವ ಮಾತು ಬಂದರೆ ಅವತ್ತೇ ಸಹಾಯ ಕೇಳಿ. ಮನೆಯಲ್ಲಿ ಬಂದೂಕು ಇದ್ದರೆ ಬೇರೆ ಕಡೆ ಸಾಗಿಸಿ.

ಪ್ರಶ್ನೆ: ಗೆಳೆಯ ಸೇನೆ ಬಿಟ್ಟು ಬಂದಿದ್ದಾನೆ. ಏನು ಮಾತಾಡಬೇಕು ತಿಳಿಯುತ್ತಿಲ್ಲ.

ಉತ್ತರ: ‘ಎಷ್ಟು ಜನರನ್ನು ಕೊಂದೆ?’ ಅಂತ ಮಾತ್ರ ಕೇಳಬೇಡಿ. ಸಿಕ್ಕ ಸಿಕ್ಕ ಕಡೆ ‘ನಮ್ಮ ಹೀರೋ’ ಎಂದು ಪರಿಚಯಿಸಲೂ ಬೇಡಿ, ಎಷ್ಟೋ ಜನರಿಗೆ ಅದು ಮುಜುಗರ. ಕೆಲಸ ಹುಡುಕುತ್ತಿದ್ದರೆ ಅರ್ಜಿ ಬರೆಯಲು ಜೊತೆ ಕೂತುಕೊಳ್ಳಿ. ಸೇನೆಯಲ್ಲಿ ಮಾಡಿದ್ದನ್ನು ಕಂಪನಿಯವರಿಗೆ ತಿಳಿಯುವ ಮಾತಲ್ಲಿ ಹೇಳುವುದು ಅವರಿಗೆ ನಿಜಕ್ಕೂ ಕಷ್ಟ. ಅದೂ ಬೇಡವೆಂದರೆ, ‘ನಾಳೆ ಮನೆ ಬದಲಾಯಿಸುತ್ತಿದ್ದೇನೆ, ಮಂಚ ಎತ್ತೋಕೆ ಬರ್ತೀಯಾ?’ ಅಂತ ಕೇಳಿ ನೋಡಿ.