ಆ ಚೂರಿನ ಮೇಲೆ ತಾರೀಖಿಲ್ಲ

ಪತ್ರ: ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಕ್ರಿ.ಶ. 70ರ ಸುಮಾರಿನದು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಚರ್ಚಿನಲ್ಲಿ ಹೇಳಿಕೊಟ್ಟಿದ್ದು 50ರ ದಶಕ ಅಂತ. ಯೋಹಾನನ ಸುವಾರ್ತೆಯ 125ನೇ ಇಸವಿಯ ಚೂರೇ ಸಿಕ್ಕಿದೆಯಲ್ಲ, ಇನ್ನೂ ಯಾಕೆ ಜಗಳ?
— ಓದುಗರೊಬ್ಬರು, ಮಂಗಳೂರು

ಸಂಪಾದಕರ ಉತ್ತರ:

ಮೊದಲು ಆ ಚೂರಿನ ವಿಷಯ. ಅದು ಇರುವುದು ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಲೈಬ್ರರಿಯಲ್ಲಿ. ಈಜಿಪ್ಟಿನಿಂದ ಬಂದ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಗದ. ಉದ್ದ ಸುಮಾರು 9 ಸೆಂಟಿಮೀಟರ್, ಅಗಲ 6. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಎರಡೂ ಕಡೆ ಗ್ರೀಕ್ ಬರಹ ಇದೆ, ಒಂದು ಸಾಲೂ ಪೂರ್ತಿ ಉಳಿದಿಲ್ಲ. ರೋಮನ್ ಅಧಿಪತಿ ಪಿಲಾತನ ಮುಂದೆ ಯೇಸು ವಿಚಾರಣೆಗೆ ನಿಂತ ಭಾಗ ಅದು. ತಮಾಷೆ ಅಂದರೆ, ‘ಸತ್ಯ ಅಂದರೇನು?’ ಅಂತ ಪಿಲಾತ ಕೇಳುವ ಮಾತು ಹರಿದುಹೋದ ಕಡೆಗೇ ಸೇರಿಬಿಟ್ಟಿದೆ.

ಅದರ ಮೇಲೆ ತಾರೀಖು ಇಲ್ಲ. 1935ರಲ್ಲಿ ಅದನ್ನು ಪ್ರಕಟಿಸಿದ ಸಿ. ಎಚ್. ರಾಬರ್ಟ್ಸ್ ಅಕ್ಷರದ ಮಾಟ ನೋಡಿ 2ನೇ ಶತಮಾನದ ಮೊದಲರ್ಧ ಅಂದರು. 125 ಅನ್ನುವುದು ಆಮೇಲೆ ಬಾಯಿಂದ ಬಾಯಿಗೆ ಗಟ್ಟಿಯಾದ ಸಂಖ್ಯೆ. ಆದರೆ ಇಪ್ಪತ್ತರಲ್ಲಿ ಕಲಿತ ಕೈಬರಹವನ್ನೇ ಎಪ್ಪತ್ತರಲ್ಲೂ ಬರೆಯುವವರು ನಮ್ಮ ಮನೆಗಳಲ್ಲೇ ಇದ್ದಾರೆ, ಅಲ್ವಾ? 2005ರಲ್ಲಿ ವಿದ್ವಾಂಸ ಬ್ರೆಂಟ್ ನಾಂಗ್‌ಬ್ರಿ ಇದೇ ಬರಹವನ್ನು ಬೇರೆ ಪಪೈರಸ್‌ಗಳ ಜೊತೆ ಇಟ್ಟು ನೋಡಿ, 2ನೇ ಶತಮಾನದ ಕೊನೆ, 3ನೆಯದರ ಶುರು ಕೂಡ ಆಗಬಹುದು ಅಂದರು. ಹೇಗೂ ಇದು ಯೋಹಾನನ ಚೂರು. ಮಾರ್ಕನ ಬಗ್ಗೆ ಏನೂ ಹೇಳುವುದಿಲ್ಲ.

ಮಾರ್ಕನ ಜಗಳವೆಲ್ಲ ಯೆರೂಸಲೇಮಿನ ದೇವಾಲಯದ ಕಲ್ಲುಗಳ ಮೇಲೆ. ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ 13ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಕ್ರಿ.ಶ. 70ರಲ್ಲಿ ತೀತನ ರೋಮನ್ ಸೈನ್ಯ ದೇವಾಲಯವನ್ನು ಸುಟ್ಟು ಕೆಡವಿತು. ಆ ಮಾತು ಈ ಘಟನೆಗೆ ಹೊಂದುತ್ತದೆ, ಹಾಗಾಗಿ ಮಾರ್ಕನ ಸುವಾರ್ತೆಯೂ ಅದರ ಆಸುಪಾಸಿನಲ್ಲೇ ಬರೆದದ್ದು ಅನ್ನುವವರು ಜಾಸ್ತಿ. ಆದರೆ ಮಾರ್ಕನಲ್ಲಿ ಬೆಂಕಿಯ ಸುದ್ದಿಯೇ ಇಲ್ಲ. ನಡೆದುಹೋದದ್ದನ್ನು ನೋಡಿ ಬರೆದಿದ್ದರೆ ಅದನ್ನು ಬಿಡುತ್ತಿದ್ದನೇ? 1976ರಲ್ಲಿ ಜಾನ್ ಎ. ಟಿ. ರಾಬಿನ್ಸನ್ ಇಂಥ ವಾದ ಕಟ್ಟಿಕೊಂಡೇ ಹೊಸ ಒಡಂಬಡಿಕೆ (ಬೈಬಲಿನ ಎರಡನೇ ಭಾಗ) ಪೂರ್ತಿ 70ಕ್ಕಿಂತ ಹಿಂದಿನದು ಅಂದದ್ದು. ಅವರು ಬಿಷಪ್ ಆಗಿದ್ದರು ನಿಜ, ಆದರೆ ಸಂಪ್ರದಾಯಸ್ಥರಲ್ಲ!

ನಿಮ್ಮ ಚರ್ಚಿನ 50ರ ದಶಕ ಬಹುಶಃ ಇನ್ನೊಂದು ದಾರಿಯಿಂದ ಬಂದಿದೆ. ಲೂಕ ತನ್ನ ಸುವಾರ್ತೆಯ ಮುಂದುವರಿಕೆಯಾಗಿ ಬರೆದ ಅಪೊಸ್ತಲರ ಕೃತ್ಯಗಳು ಪುಸ್ತಕ, ಧರ್ಮಪ್ರಚಾರಕ ಪೌಲ ರೋಮಿನಲ್ಲಿ ಸೆರೆಯಲ್ಲಿರುವಾಗಲೇ ಮುಗಿಯುತ್ತದೆ. ಅವನ ಸಾವಿನ ಮಾತಿಲ್ಲ. ಹಾಗಾದರೆ ಅದು 60ರ ದಶಕದ ಶುರುವಿನದು. ಲೂಕನ ಸುವಾರ್ತೆ ಅದಕ್ಕೂ ಮುಂಚೆ. ಲೂಕ ಮಾರ್ಕನ ಸುವಾರ್ತೆಯನ್ನು ನೋಡಿಕೊಂಡು ಬರೆದಿದ್ದಾನೆ, ಅಂದಮೇಲೆ ಮಾರ್ಕ ಇನ್ನೂ ಹಿಂದೆ. ಲೆಕ್ಕ ಚೆನ್ನಾಗಿದೆ. ಆದರೆ ಸುವಾರ್ತೆ ರೋಮಿಗೆ ಮುಟ್ಟಿತು ಅನ್ನುವಲ್ಲಿಗೇ ಕಥೆ ನಿಲ್ಲಿಸುವುದು ಲೂಕನ ಉದ್ದೇಶವಾಗಿದ್ದರೆ? ಮೊದಲ ಕೊಂಡಿಯೇ ಕಳಚುತ್ತದೆ.

ನನ್ನ ಒಲವು 70ರ ಹತ್ತಿರಕ್ಕೇ. ಕಾರಣ ಅದೇ 13ನೇ ಅಧ್ಯಾಯದ ಒಂದು ಸಣ್ಣ ಮಾತು. ಬೆಟ್ಟಕ್ಕೆ ಓಡಿಹೋಗಿ, ಚಳಿಗಾಲದಲ್ಲಿ ಹೀಗಾಗದಿರಲಿ ಎಂದು ಬೇಡಿಕೊಳ್ಳಿ ಎನ್ನುವ ಯೇಸುವಿನ ಮಾತಿನ ನಡುವೆ ಬರೆದವನೇ ತಲೆಹಾಕಿ, ಓದುವವನು ತಿಳಿದುಕೊಳ್ಳಲಿ ಅನ್ನುತ್ತಾನೆ. ಯುದ್ಧ ಮನೆಬಾಗಿಲಿಗೆ ಬಂದಿರುವಾಗ, ಕಣ್ಣೆದುರಿನ ಜನಕ್ಕೆ ಸನ್ನೆ ಮಾಡಿದ ಹಾಗಿದೆ ನನಗೆ.

ಅಂದಹಾಗೆ, ಕಳೆದ ಸಂಚಿಕೆಯಲ್ಲಿ ಆ ಚೂರಿನ ಚಿತ್ರದ ಕೆಳಗೆ ‘ಕ್ರಿ.ಶ. 125’ ಅಂತ ಅಚ್ಚು ಹಾಕಿದವರು ನಾವೇ. ಅದನ್ನು ‘2ನೇ ಅಥವಾ 3ನೇ ಶತಮಾನ’ ಎಂದು ತಿದ್ದಿ ಓದಿಕೊಳ್ಳಿ.